ಲಂಡನ್‌ನಲ್ಲಿ ಐದು ದಿನ: ಅಮ್ಮನ ಮಂಡಿನೋವು, ಮಗಳ ಹುಮ್ಮಸ್ಸು, ಒಂದೇ ಯೋಜನೆ

ಪ್ರಶ್ನೆ: ನಾವು ದಾವಣಗೆರೆಯವರು. ಸೆಪ್ಟೆಂಬರ್ ಮಧ್ಯದಲ್ಲಿ ಲಂಡನ್ ಪ್ರವಾಸಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಎಪ್ಪತ್ತು ದಾಟಿದ ಅಪ್ಪ, ಅರವತ್ತಾರರ ಅಮ್ಮ. ಶನಿವಾರ ಮಧ್ಯಾಹ್ನ ಇಳಿದು ಶುಕ್ರವಾರ ಬೆಳಿಗ್ಗೆ ಹೊರಡುತ್ತೇವೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ನಾವು. ನಮ್ಮ ಭಾವ ಇಪ್ಪತ್ತೆಂಟು ಸ್ಥಳಗಳ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಒಂದು ದಿನ ಪ್ಯಾರಿಸ್, ಇನ್ನೊಂದು ದಿನ ಸ್ಟೋನ್‌ಹೆಂಜ್ ಇದೆ. ಎಲ್ಲಿ ಉಳಿಯಬೇಕು? ಪ್ರವಾಸಿ ಪಾಸ್ ಕೊಳ್ಳಬೇಕೇ? ಪಟ್ಟಿಯಲ್ಲಿ ಏನನ್ನು ಬಿಡಬೇಕು?

ಉತ್ತರ: ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು, ಅದರಿಂದಲೇ ಆರಂಭಿಸುತ್ತೇನೆ. ಪ್ಯಾರಿಸ್ ಬಿಡಿ, ಸ್ಟೋನ್‌ಹೆಂಜ್ ಬಿಡಿ. ಉಳಿದ ಇಪ್ಪತ್ತಾರರಲ್ಲಿ ಅರ್ಧಕ್ಕಿಂತ ಹೆಚ್ಚನ್ನೂ ಬಿಡಿ. ಕುಟುಂಬಗಳಿಗೆ ಲಂಡನ್ ಪ್ರವಾಸದ ಯೋಜನೆ ಹಾಕಿಕೊಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಒಂದೇ: ಪಟ್ಟಿ ಹಿಡಿದು ಹೊರಟವರು ದಿನದ ಬಹುಪಾಲನ್ನು ರೈಲು ನಿಲ್ದಾಣಗಳ ಸುರಂಗಗಳಲ್ಲಿ ಕಳೆಯುತ್ತಾರೆ, ನಕ್ಷೆ ಹಿಡಿದು ಹೊರಟವರು ಊರನ್ನು ನೋಡುತ್ತಾರೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುವ ಮಾತು ಈ ಊರಿಗೆ ಅಕ್ಷರಶಃ ಹೊಂದುತ್ತದೆ. ದಿನಕ್ಕೆ ಊರಿನ ಒಂದೇ ಭಾಗ, ಆ ಭಾಗದಲ್ಲಿ ಹಣ ಕೊಟ್ಟು ಕಾಯ್ದಿರಿಸಿದ್ದು ಒಂದೇ ಒಂದು. ಮಿಕ್ಕಿದ್ದೆಲ್ಲ ನಿಮ್ಮ ತಾಯಿಯವರ ಮಂಡಿ ಹೇಳಿದಂತೆ.

ಪ್ಯಾರಿಸ್ ಯಾಕೆ ಬೇಡ ಎಂದರೆ, ಅದು ಬೇರೆ ವೀಸಾ. ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ಒಕ್ಕೂಟದಲ್ಲಿ ಬ್ರಿಟನ್ ಇಲ್ಲ. ಲಂಡನ್‌ಗೆ ಪಡೆದ ವೀಸಾ ಫ್ರಾನ್ಸ್‌ಗೆ ನಡೆಯುವುದಿಲ್ಲ, ಅಲ್ಲಿಯದು ಇಲ್ಲಿಗೆ ನಡೆಯುವುದಿಲ್ಲ. ಐದು ಜನರಿಗೆ ಎರಡೆರಡು ವೀಸಾ ಮಾಡಿಸುವ ಖರ್ಚು, ಓಡಾಟ ಎರಡೂ ಒಂದು ದಿನದ ಭೇಟಿಗೆ ತಕ್ಕದ್ದಲ್ಲ. ಯೂರೋಸ್ಟಾರ್ ರೈಲು ಸುಮಾರು ಎರಡೂಕಾಲು ಗಂಟೆಯಲ್ಲಿ ತಲುಪಿಸುತ್ತದೆ ಎನ್ನುವುದು ನಿಜ. ಆದರೆ ಪಾಸ್‌ಪೋರ್ಟ್ ತಪಾಸಣೆಗೆ ಮೊದಲೇ ಹೋಗಿ ನಿಲ್ಲುವುದು, ಹಿಂದಿರುಗುವಾಗ ಮತ್ತೆ ಅದೇ ಸಾಲು, ಇವನ್ನೆಲ್ಲ ಸೇರಿಸಿದರೆ ಪ್ಯಾರಿಸ್‌ನಲ್ಲಿ ಉಳಿಯುವುದು ಒಂದು ಮಧ್ಯಾಹ್ನ. ಸ್ಟೋನ್‌ಹೆಂಜ್ ಲಂಡನ್‌ನಿಂದ ಸುಮಾರು 140 ಕಿಲೋಮೀಟರ್ ದೂರ. ಬಸ್ಸಿನಲ್ಲಿ ಹೋಗಿ ಬರುವುದಕ್ಕೇ ದಿನ ಮುಗಿಯುತ್ತದೆ. ಸಾಮಾನ್ಯ ಟಿಕೆಟ್‌ನಲ್ಲಿ ಆ ಕಲ್ಲುಗಳನ್ನು ಹಗ್ಗದಾಚೆಯಿಂದಲೇ ನೋಡಬೇಕು. ಎರಡನೇ ಸಲ ಬಂದಾಗ ನೋಡಬಹುದಾದ ಜಾಗವದು.

ವೀಸಾ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಪ್ರಯಾಣದ ದಿನಕ್ಕೆ ಮೂರು ತಿಂಗಳು ಇರುವಾಗ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನವಾಗುತ್ತದೆ, ಆದರೂ ಜೂನ್ ಕೊನೆಯೊಳಗೆ ಅರ್ಜಿ ಹೋಗಿರಲಿ, ಏಕೆಂದರೆ ಬೇಸಿಗೆಯ ನೂಕುನುಗ್ಗಲಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚಿನ ದಿನ ಸಿಗುವುದೇ ತಡವಾಗುತ್ತದೆ. ತಂದೆಯವರ ಪಿಂಚಣಿ ದಾಖಲೆ, ನಿಮ್ಮ ಸಂಬಳ ಅಥವಾ ವ್ಯಾಪಾರದ ಕಾಗದ, ಆರು ತಿಂಗಳ ಬ್ಯಾಂಕ್ ವಿವರ ಒಂದಕ್ಕೊಂದು ತಾಳೆಯಾಗಬೇಕು. ಅರ್ಜಿಗೆ ಸ್ವಲ್ಪ ಮೊದಲು ಯಾರಿಂದಲೋ ದೊಡ್ಡ ಮೊತ್ತ ತಂದು ಖಾತೆಗೆ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಎಲ್ಲಿಂದ ಬಂತೆಂದು ವಿವರಿಸಲಾಗದ ಹಣವೇ ಅರ್ಜಿ ತಿರಸ್ಕಾರಕ್ಕೆ ಕಾರಣವಾಗುತ್ತದೆ.

ಇನ್ನು ಉಳಿಯುವ ಜಾಗ. ನಿಮ್ಮಂಥ ಕುಟುಂಬಕ್ಕೆ ನಾನು ಹೇಳುವುದು ಕಿಂಗ್ಸ್ ಕ್ರಾಸ್, ಯೂಸ್ಟನ್, ಬ್ಲೂಮ್ಸ್‌ಬರಿ ಎಂಬ ಮೂರು ಹೆಸರಿನ ಒಂದೇ ಸೀಮೆ. ಹೀಥ್ರೋ ವಿಮಾನ ನಿಲ್ದಾಣದಿಂದ ಪಿಕಡಿಲಿ ಲೈನ್ ರೈಲು ಹತ್ತಿದರೆ ಎಲ್ಲೂ ಬದಲಾಯಿಸದೆ ಸುಮಾರು ಒಂದು ಗಂಟೆಯಲ್ಲಿ ಕಿಂಗ್ಸ್ ಕ್ರಾಸ್‌ನಲ್ಲಿ ಇಳಿಯಬಹುದು. ಎರಡೂ ಕಡೆ ಲಿಫ್ಟ್ ಇದೆ. 2022ರಲ್ಲಿ ಆರಂಭವಾದ ಎಲಿಜಬೆತ್ ಲೈನ್ ಇದಕ್ಕಿಂತ ವೇಗದ್ದು, ಹೊಸದು, ಆದರೆ ಟಿಕೆಟ್ ದರ ಹೆಚ್ಚು ಮತ್ತು ನಿಮಗೆ ನಡುವೆ ರೈಲು ಬದಲಿಸಬೇಕಾಗುತ್ತದೆ. ಹತ್ತು ಗಂಟೆ ವಿಮಾನದಲ್ಲಿ ಕುಳಿತು ಬಂದ ಹಿರಿಯರಿಗೆ, ಸೂಟ್‌ಕೇಸುಗಳ ಜೊತೆ, ಬದಲಾವಣೆ ಇಲ್ಲದ ಒಂದು ಗಂಟೆಯೇ ಸುಖ.

ಈ ಸೀಮೆಯ ಇನ್ನೊಂದು ಗುಣ ಊಟ. ಯೂಸ್ಟನ್ ನಿಲ್ದಾಣದ ಪಕ್ಕದಲ್ಲಿ ಡ್ರಮಂಡ್ ಸ್ಟ್ರೀಟ್ ಎಂಬ ಸಣ್ಣ ಬೀದಿಯಿದೆ. ಭಾರತೀಯ ಊಟದ ಮನೆಗಳು ದಶಕಗಳಿಂದ ಅಲ್ಲಿ ಸಾಲಾಗಿ ನಿಂತಿವೆ; ಭೇಲ್‌ಪುರಿ, ದೋಸೆ, ಥಾಲಿ ಕೊಡುವ ಅಪ್ಪಟ ಸಸ್ಯಾಹಾರಿ ಹೋಟೆಲುಗಳೂ ಇವೆ. ಪಕ್ಕದ ಯೂಸ್ಟನ್ ನಿಲ್ದಾಣದ ದೊಡ್ಡ ಕಾಮಗಾರಿಯಿಂದ ಆ ಬೀದಿಗೆ ವರ್ಷಗಟ್ಟಲೆ ಪೆಟ್ಟು ಬಿದ್ದಿದೆ, ಆದರೂ ಅದು ಬದುಕಿಕೊಂಡಿದೆ. ರಾತ್ರಿ ಎಂಟು ಗಂಟೆಗೆ ದಣಿದ ನಿಮ್ಮ ತಂದೆಯವರು ಅನ್ನ, ಸಾರು ಎಂದಾಗ ಹತ್ತು ನಿಮಿಷದ ನಡಿಗೆಯಲ್ಲಿ ಅದು ಸಿಗುತ್ತದೆ ಎನ್ನುವ ಧೈರ್ಯ ಇಡೀ ಪ್ರವಾಸವನ್ನು ಹಗುರ ಮಾಡುತ್ತದೆ. ಈಸ್ಟ್ ಹ್ಯಾಮ್, ವೆಂಬ್ಲಿ, ಟೂಟಿಂಗ್‌ಗಳಲ್ಲಿ ನಮ್ಮ ಊಟ ಇನ್ನೂ ಅಗ್ಗ, ಇನ್ನೂ ವೈವಿಧ್ಯ. ಊಟಕ್ಕಾಗಿ ಅಲ್ಲಿ ಉಳಿದರೆ ಮಾತ್ರ ದಿನವೂ ಹೋಗಿ ಬರುವ ಪ್ರಯಾಣದಲ್ಲೇ ಸುಸ್ತಾಗುತ್ತೀರಿ.

ಕೋಣೆ ಕಾಯ್ದಿರಿಸುವ ಮುನ್ನ ಒಂದು ಮಾತು ಕೇಳಿ ಖಚಿತಪಡಿಸಿಕೊಳ್ಳಿ: ಲಿಫ್ಟ್ ಇದೆಯೇ? ಬ್ಲೂಮ್ಸ್‌ಬರಿಯ ಅನೇಕ ಸಣ್ಣ ಹೋಟೆಲುಗಳು ಇನ್ನೂರು ವರ್ಷ ಹಳೆಯ ಸಾಲುಮನೆಗಳಲ್ಲಿವೆ. ಚಿತ್ರದಲ್ಲಿ ಮುದ್ದಾಗಿ ಕಾಣುತ್ತವೆ. ಒಳಗೆ ಕಡಿದಾದ ಕಿರಿದಾದ ಮರದ ಮೆಟ್ಟಿಲು, ನಾಲ್ಕನೇ ಮಹಡಿಯ ಕೋಣೆ. ಐವರಿಗೆ ಎರಡು ಹೋಟೆಲ್ ಕೋಣೆಗಳಿಗಿಂತ ಸಣ್ಣ ಅಡುಗೆಮನೆಯಿರುವ ಬಾಡಿಗೆ ಅಪಾರ್ಟ್‌ಮೆಂಟ್ ಒಳ್ಳೆಯದು. ಬೆಳಿಗ್ಗೆ ಮನೆಯಿಂದ ತಂದ ಅವಲಕ್ಕಿಗೆ ಒಗ್ಗರಣೆ ಹಾಕಿಕೊಂಡರೂ ಸಾಕು, ಐದು ಜನರ ಉಪಾಹಾರದ ಖರ್ಚು ಉಳಿಯುತ್ತದೆ. ನಲ್ಲಿ ನೀರು ಕುಡಿಯಲು ಯೋಗ್ಯ. ಬಾಟಲಿ ತುಂಬಿಸಿಕೊಂಡು ಹೊರಡಿ.

ಹೊರಗೆ ತಿನ್ನುವ ವಿಷಯದಲ್ಲಿ, ಮೊಟ್ಟೆ ತಿನ್ನದವರು ಇದೊಂದನ್ನು ಕಲಿತರೆ ಬ್ರಿಟನ್ನಿನ ಯಾವ ಅಂಗಡಿಯಲ್ಲೂ ಹೆದರಬೇಕಿಲ್ಲ. ಅಲ್ಲಿ 'ವೆಜಿಟೇರಿಯನ್' ಎಂದು ಬರೆದ ತಿಂಡಿಯಲ್ಲಿ ಮೊಟ್ಟೆ ಇರಬಹುದು. ಆದರೆ ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ, ಅಲರ್ಜಿ ತರಬಲ್ಲ ಹದಿನಾಲ್ಕು ಬಗೆಯ ಪದಾರ್ಥಗಳು ಎದ್ದುಕಾಣುವಂತೆ ಇರಬೇಕೆಂಬುದು ಅಲ್ಲಿನ ಕಾನೂನು. ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಆ ಹದಿನಾಲ್ಕರಲ್ಲಿ ಮೊಟ್ಟೆಯೂ ಒಂದು, ಮೀನೂ ಒಂದು. ಸ್ಯಾಂಡ್‌ವಿಚ್ ಕೈಗೆತ್ತಿಕೊಂಡು ತಿರುಗಿಸಿ, ದಪ್ಪ ಅಕ್ಷರಗಳನ್ನು ಮಾತ್ರ ಓದಿ. ಅರ್ಧ ನಿಮಿಷದ ಕೆಲಸ. ನಿಮ್ಮ ಮಗಳಿಗೇ ಈ ಜವಾಬ್ದಾರಿ ವಹಿಸಿ. 'ವೀಗನ್' ಎಂದಿದ್ದರೆ ಹಾಲು, ಮೊಟ್ಟೆ ಎರಡೂ ಹಾಕಿರುವುದಿಲ್ಲ. ಆಲೂ ಚಿಪ್ಸ್ ಕೊಳ್ಳುವಾಗ ಮಾತ್ರ ಯಾವ ಎಣ್ಣೆಯಲ್ಲಿ ಕರಿದಿದ್ದೀರಿ ಎಂದು ಕೇಳಿ, ಏಕೆಂದರೆ ಮೀನು ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುವ ಅಂಗಡಿಗಳಿವೆ, ಪ್ರಾಣಿಯ ಕೊಬ್ಬಿನಲ್ಲಿ ಕರಿಯುವವರೂ ಇದ್ದಾರೆ. ಕೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಪ್ರವಾಸಿ ಪಾಸ್ ಬೇಡ. ದಿನಕ್ಕೆ ಮೂರು ನಾಲ್ಕು ದುಬಾರಿ ಜಾಗಗಳಿಗೆ ನುಗ್ಗಿದರೆ ಮಾತ್ರ ಅದರ ಹಣ ಹುಟ್ಟುತ್ತದೆ. ನೀವು ಹಾಗೆ ಓಡಬಾರದು ಎನ್ನುವುದೇ ನನ್ನ ಸಲಹೆಯ ತಿರುಳು. ಅದಕ್ಕೂ ಮಿಗಿಲಾಗಿ, ಈ ಊರಿನ ಅತ್ಯುತ್ತಮ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಉಚಿತ: ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯಾಚುರಲ್ ಹಿಸ್ಟರಿ, ಸೈನ್ಸ್ ಮ್ಯೂಸಿಯಂ, ಟೇಟ್ ಮಾಡರ್ನ್. ಇದರ ಬೆಲೆ ಬರಿಯ ಹಣದ್ದಲ್ಲ. ಟಿಕೆಟ್‌ಗೆ ಹಣ ಕೊಟ್ಟಿಲ್ಲವಾದ್ದರಿಂದ ಒಂದು ಗಂಟೆ ನೋಡಿ ಹೊರಬಂದರೆ ಮನಸ್ಸು ಚುರುಗುಟ್ಟುವುದಿಲ್ಲ. ಸಂಜೆ ಮತ್ತೆ ಹೋಗಬಹುದು. ಹಿರಿಯರ ಜೊತೆ ಪ್ರವಾಸ ಮಾಡುವವರಿಗೆ ಇಂಥ ಸ್ವಾತಂತ್ರ್ಯ ಕೊಡುವ ದೊಡ್ಡ ನಗರಗಳು ಯುರೋಪಿನಲ್ಲಿ ಹೆಚ್ಚಿಲ್ಲ.

ಓಡಾಟಕ್ಕೂ ಪಾಸ್ ಬೇಕಿಲ್ಲ. ಸಂಪರ್ಕರಹಿತ ಪಾವತಿಯ ಬ್ಯಾಂಕ್ ಕಾರ್ಡ್ ಅಥವಾ ಫಾರೆಕ್ಸ್ ಕಾರ್ಡ್ ಮುಟ್ಟಿಸಿ ಹೋಗಬಹುದು. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಣ ಕಡಿತವಾಗದಂಥ ಗರಿಷ್ಠ ಮಿತಿ ತಾನಾಗಿ ಅನ್ವಯವಾಗುತ್ತದೆ. ಸೋಮವಾರದಿಂದ ಭಾನುವಾರದವರೆಗಿನ ವಾರದ ಮಿತಿಯೂ ಇದೆ. ಒಂದು ಕಾರ್ಡಿನಲ್ಲಿ ಒಬ್ಬರೇ ಪ್ರಯಾಣಿಸಬಹುದು ಎಂಬುದು ನೆನಪಿರಲಿ, ಆದ್ದರಿಂದ ದೊಡ್ಡವರು ನಾಲ್ವರಿಗೂ ಬೇರೆ ಬೇರೆ ಕಾರ್ಡ್ ಬೇಕು. ತಂದೆ-ತಾಯಿಯರಿಗೆ ಕಾರ್ಡ್ ಇಲ್ಲದಿದ್ದರೆ ನಿಲ್ದಾಣದಲ್ಲಿ, ಹಣ ತುಂಬಿಸಿ ಬಳಸುವ ಆಯ್ಸ್ಟರ್ ಕಾರ್ಡ್ ಕೊಳ್ಳಿ. ಮಗಳಿಗೆ ಹನ್ನೊಂದು ತುಂಬಿಲ್ಲವಾದ್ದರಿಂದ ನಿಮ್ಮ ಜೊತೆ ಟ್ಯೂಬ್ ಎಂಬ ಸುರಂಗ ರೈಲಿನಲ್ಲೂ ಬಸ್ಸಿನಲ್ಲೂ ಉಚಿತ. ರೈಲಿನಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕಾರ್ಡ್ ಮುಟ್ಟಿಸಬೇಕು, ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ.

ನಿಮ್ಮ ತಾಯಿಯವರಿಗಾಗಿ ನಾನು ಒತ್ತಿ ಹೇಳುವುದು ಬಸ್ಸನ್ನೇ. 1863ರಲ್ಲಿ ಆರಂಭವಾದ ಟ್ಯೂಬ್ ಜಗತ್ತಿನ ಮೊದಲ ಸುರಂಗ ರೈಲು. ಆ ಹಳೆತನದ ಬೆಲೆಯನ್ನು ಮಂಡಿಗಳು ತೆರುತ್ತವೆ. 272 ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಓಡಾಡಬಹುದಾದವು ಸುಮಾರು ಮೂರರಲ್ಲಿ ಒಂದು ಪಾಲು. ಗಾಲಿಕುರ್ಚಿಯ ಗುರುತಿರುವ ಪ್ರತ್ಯೇಕ ನಕ್ಷೆಯನ್ನು ಸಾರಿಗೆ ಸಂಸ್ಥೆಯೇ ಪ್ರಕಟಿಸುತ್ತದೆ, ಅದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬಸ್ಸುಗಳಿಗೆ ಎತ್ತರದ ಮೆಟ್ಟಿಲಿಲ್ಲ, ಎಲ್ಲ ಬಸ್ಸಿನಲ್ಲೂ ಇಳಿಜಾರು ಹಲಗೆ ಇದೆ. ಒಮ್ಮೆಗೆ ಎರಡು ಪೌಂಡ್‌ಗಿಂತ ಕಡಿಮೆ, ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ಕೊಡಬೇಕಿಲ್ಲ. ತಂದೆ-ತಾಯಿ ಕೆಳಗೆ ಕುಳಿತಿರಲಿ, ಮಗಳನ್ನು ಕರೆದುಕೊಂಡು ನೀವು ಮೇಲಂತಸ್ತಿನ ಮುಂದಿನ ಸೀಟಿಗೆ ಹೋಗಿ. ಪ್ರವಾಸಿಗರ ಬಸ್ಸಿಗೆ ಕೊಡುವ ದುಡ್ಡಿನ ಸಣ್ಣ ಭಾಗದಲ್ಲಿ ಅದೇ ನೋಟ ಸಿಗುತ್ತದೆ.

ಟ್ಯೂಬ್ ನಕ್ಷೆಯನ್ನು ನಂಬಿ ದೂರ ಅಳೆಯಬೇಡಿ. ಹ್ಯಾರಿ ಬೆಕ್ 1931ರಲ್ಲಿ ಬರೆದ ವಿನ್ಯಾಸದ ಮೇಲೆ ನಿಂತ ಆ ನಕ್ಷೆ ಭೂಮಿಯ ಮೇಲಿನ ಅಂತರವನ್ನು ತೋರಿಸುವುದಿಲ್ಲ, ನಿಲ್ದಾಣಗಳ ಕ್ರಮವನ್ನು ಮಾತ್ರ ತೋರಿಸುತ್ತದೆ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಹೋಗಲು ಜನ ನೆಲದಡಿಗೆ ಇಳಿದು, ರೈಲು ಕಾದು, ಲಿಫ್ಟಿಗೆ ಸಾಲು ನಿಲ್ಲುತ್ತಾರೆ. ನಡುವಿನ ದೂರ ಮುನ್ನೂರು ಮೀಟರ್ ಕೂಡ ಇಲ್ಲ. ಕಾವೆಂಟ್ ಗಾರ್ಡನ್‌ನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದರೆ 193 ಮೆಟ್ಟಿಲುಗಳ ಸುರುಳಿ.

ಈಗ ದಿನಗಳು.

ಭಾನುವಾರ ವೆಸ್ಟ್‌ಮಿನ್‌ಸ್ಟರ್. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಸೆಪ್ಟೆಂಬರ್‌ನಲ್ಲಿ ನಮಗೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಆದ್ದರಿಂದ ನೀವೆಲ್ಲ ನಸುಕಿನಲ್ಲೇ ಎದ್ದು ಕುಳಿತಿರುತ್ತೀರಿ. ಆ ಎಚ್ಚರವನ್ನು ಬಳಸಿಕೊಳ್ಳಿ. ಯೂಸ್ಟನ್ ಕಡೆಯಿಂದ 24ನೇ ಬಸ್ ಹಿಡಿದರೆ ಟ್ರಫಾಲ್ಗರ್ ಸ್ಕ್ವೇರ್ ದಾಟಿ ವೈಟ್‌ಹಾಲ್‌ನಲ್ಲಿ ಇಳಿಯಬಹುದು. ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆಗೆ ಜನ ಗಂಟೆಗಟ್ಟಲೆ ಮೊದಲೇ ಬಂದು ಬೇಲಿ ಹಿಡಿದು ನಿಲ್ಲುತ್ತಾರೆ. ಹಿಂದೆ ನಿಂತವರಿಗೆ ಕಾಣುವುದು ಎತ್ತಿದ ಮೊಬೈಲುಗಳು. ನೀವು ಹಾರ್ಸ್ ಗಾರ್ಡ್ಸ್ ಅಂಗಳಕ್ಕೆ ಹೋಗಿ. ಅಶ್ವದಳದ ಕಾವಲು ಬದಲಾಗುವುದು ಭಾನುವಾರ ಬೆಳಿಗ್ಗೆ 10ಕ್ಕೆ, ಬೇರೆ ದಿನಗಳಲ್ಲಿ 11ಕ್ಕೆ. ಕುದುರೆಗಳು ಕೆಲವೇ ಅಡಿ ದೂರದಲ್ಲಿ ನಿಂತಿರುತ್ತವೆ, ಅವುಗಳ ಉಸಿರು ಕೇಳಿಸುವಷ್ಟು ಹತ್ತಿರ. ಅಲ್ಲಿಂದ ಹಿಂದಕ್ಕೆ ತಿರುಗಿದರೆ ಸೇಂಟ್ ಜೇಮ್ಸ್ ಉದ್ಯಾನ. ಅಲ್ಲಿನ ಕೊಳದ ಹೆಜ್ಜಾರ್ಲೆಗಳ ಪರಂಪರೆ 1664ರಲ್ಲಿ ರಷ್ಯಾದ ರಾಯಭಾರಿ ಅರಸನಿಗೆ ಕೊಟ್ಟ ಉಡುಗೊರೆಯಿಂದ ಬಂದದ್ದು. ಬೆಂಚುಗಳು ಸಾಕಷ್ಟಿವೆ, ತಾಯಿಯವರು ಅಲ್ಲಿ ಕುಳಿತುಕೊಳ್ಳಲಿ.

ಭಾನುವಾರ ವೆಸ್ಟ್‌ಮಿನ್‌ಸ್ಟರ್ ಆ್ಯಬೆ, ಸೇಂಟ್ ಪಾಲ್ಸ್ ಎಂಬ ಎರಡು ದೊಡ್ಡ ಚರ್ಚುಗಳಲ್ಲೂ ಪ್ರಾರ್ಥನೆ ಮಾತ್ರ, ಪ್ರವಾಸಿಗರಿಗೆ ಒಳಗೆ ತಿರುಗಾಡಲು ಬಿಡುವುದಿಲ್ಲ. ಅದನ್ನು ಕೊರತೆ ಎಂದುಕೊಳ್ಳದೆ ಪಾರ್ಲಿಮೆಂಟ್ ಕಟ್ಟಡವನ್ನು ಹೊರಗಿನಿಂದ ನೋಡುತ್ತಾ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ. ದಾಟಿದ ಮೇಲೆ ಎಲ್ಲರೂ ಎಡಕ್ಕೆ, ಲಂಡನ್ ಐ ಎಂಬ ದೊಡ್ಡ ಚಕ್ರದ ಕಡೆಗೆ ತಿರುಗುತ್ತಾರೆ. ನೀವು ಬಲಕ್ಕೆ ತಿರುಗಿ ನದಿಯ ದಂಡೆಗೆ ಇಳಿಯಿರಿ. ಸೇಂಟ್ ಥಾಮಸ್ ಆಸ್ಪತ್ರೆಯ ಗೋಡೆಯುದ್ದಕ್ಕೂ ಕೆಂಪು ಹೃದಯಗಳು, ಸಾಲುಸಾಲಾಗಿ, ಒಂದೊಂದರಲ್ಲಿ ಒಂದೊಂದು ಹೆಸರು. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ 2021ರ ಮಾರ್ಚ್‌ನಲ್ಲಿ ಅವರ ಮನೆಯವರೇ ಬರೆಯಲು ಆರಂಭಿಸಿದ ಗೋಡೆ ಅದು. ಎದುರು ದಡದಲ್ಲಿ ಪಾರ್ಲಿಮೆಂಟಿನ ಇಡೀ ಉದ್ದ ನೀರಿನ ಮೇಲೆ ಹಾಸಿದಂತೆ ಕಾಣುತ್ತದೆ. ಆ ಕಟ್ಟಡವನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನೆಲ ಸಮತಟ್ಟಾಗಿದೆ.

ಹಾಗೆಯೇ ಅದೇ ದಂಡೆಯಲ್ಲಿ ಮುಂದೆ, ಲ್ಯಾಂಬೆತ್ ಸೇತುವೆಯನ್ನು ಹತ್ತದೆ ಹಾದುಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಸಣ್ಣ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಕಲಬುರಗಿ ಮೂಲದವರಾದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಸ್ಥಾಪನೆಯಾಗಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ. ದೊಡ್ಡ ಸ್ಮಾರಕವನ್ನು ನಿರೀಕ್ಷಿಸಬೇಡಿ. ಪೀಠದ ಮೇಲಿನ ಎದೆಮಟ್ಟದ ಪ್ರತಿಮೆ ಅಷ್ಟೆ. ಪ್ರವಾಸಿ ಕಂಪನಿಗಳ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ, ಭಾವನವರ ಪಟ್ಟಿಯಲ್ಲೂ ಬಹುಶಃ ಇದು ಇರಲಿಕ್ಕಿಲ್ಲ. ನಿಮ್ಮ ತಂದೆಯವರಿಗೆ ನಾಲ್ಕು ವಚನ ಬಾಯಿಗೆ ಬರುವುದಾದರೆ ಇಲ್ಲಿ ಮೊಮ್ಮಗಳಿಗೆ ಹೇಳಲಿ. ಕನ್ನಡಿಗ ಹಿರಿಯರು ಥೇಮ್ಸ್ ದಂಡೆಯಲ್ಲಿ ತಮ್ಮವರೊಬ್ಬರ ಮುಂದೆ ನಿಲ್ಲುವ ಕ್ಷಣ ಏನೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅದಕ್ಕಾಗಿಯೇ ಮೊದಲ ದಿನದಲ್ಲಿ ಇದನ್ನು ಸೇರಿಸುತ್ತೇನೆ. ಮಧ್ಯಾಹ್ನದ ಮೇಲೆ ಕೋಣೆಗೆ ಮರಳಿ ಮಲಗಿಬಿಡಿ.

ಸೋಮವಾರ ಸೌತ್ ಕೆನ್ಸಿಂಗ್ಟನ್. ಕಿಂಗ್ಸ್ ಕ್ರಾಸ್‌ನಿಂದ ಪಿಕಡಿಲಿ ಲೈನ್ ನೇರ ಹೋಗುತ್ತದೆ, ಆದರೆ ಇಳಿಯುವ ನಿಲ್ದಾಣದಲ್ಲಿ ಮೆಟ್ಟಿಲು ತಪ್ಪುವುದಿಲ್ಲ. ರಸೆಲ್ ಸ್ಕ್ವೇರ್‌ನಿಂದ ಹೊರಡುವ 14ನೇ ಬಸ್ ನಿಧಾನ, ಆದರೆ ವಸ್ತುಸಂಗ್ರಹಾಲಯದ ಹತ್ತಿರವೇ ಇಳಿಸುತ್ತದೆ. ಮೂರು ದೊಡ್ಡ ಸಂಗ್ರಹಾಲಯಗಳು ಅಕ್ಕಪಕ್ಕದಲ್ಲೇ ಇವೆ. ಮೂರನ್ನೂ ನೋಡುವ ಆಸೆ ಬೇಡ. ನ್ಯಾಚುರಲ್ ಹಿಸ್ಟರಿಯಲ್ಲಿ ಮುಖ್ಯ ಸಭಾಂಗಣದ ಮೇಲೆ ತೂಗುವ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನೂ ಡೈನೋಸಾರ್ ವಿಭಾಗವನ್ನೂ ಮಗಳಿಗೆ ತೋರಿಸಿ. ಆಮೇಲೆ ರಸ್ತೆ ದಾಟಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ ಬನ್ನಿ. ಅಲ್ಲಿ ನಿಮಗೆ ಬೇಕಾಗಿರುವುದು ಟಿಪ್ಪುವಿನ ಹುಲಿ.

ಈ ಹುಲಿಯ ಮುಂದೆ ಸ್ವಲ್ಪ ಹೊತ್ತು ಕಳೆಯಿರಿ. ಮರದಲ್ಲಿ ಕಡೆದು ಬಣ್ಣ ಬಳಿದ, ಹೆಚ್ಚೂಕಡಿಮೆ ನಿಜ ಗಾತ್ರದ ಹುಲಿಯೊಂದು ಅಂಗಾತ ಬಿದ್ದ ಯುರೋಪಿಯನ್ ಸೈನಿಕನ ಕುತ್ತಿಗೆಗೆ ಬಾಯಿ ಹಾಕಿದೆ. ಸೈನಿಕನ ಬೂಟು, ಟೋಪಿ ಎಲ್ಲ ಹಾಗೆಯೇ ಇವೆ. ಹುಲಿಯ ಪಕ್ಕದಲ್ಲಿ ಒಂದು ಹಿಡಿಕೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ ಹುಲಿ ಗುರುಗುಟ್ಟುತ್ತದೆ, ಸೈನಿಕ ನರಳುತ್ತಾನೆ, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಹೊಟ್ಟೆಯ ಪಕ್ಕದ ಮುಚ್ಚಳ ತೆರೆದರೆ ನುಡಿಸಲು ಬರುವ, ದಂತದ ಗುಂಡಿಗಳಿರುವ ಸಣ್ಣ ಆರ್ಗನ್. ಈಗ ಅದು ಗಾಜಿನೊಳಗಿದೆ, ಯಾರೂ ತಿರುಗಿಸುವಂತಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಎತ್ತಿಕೊಂಡು ಹೋದದ್ದು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಲಂಡನ್ನಿನ ಜನ ಬಂದು ಹಿಡಿಕೆ ತಿರುಗಿಸಿ ನಲಿಯುತ್ತಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದ ಮಗುವಿಗೆ ಇದು ಇತಿಹಾಸದ ಇನ್ನರ್ಧ. ಹೊರಡುವ ಮೊದಲು ಸಂಗ್ರಹಾಲಯದ ಜಾಲತಾಣದಲ್ಲಿ ಹುಲಿ ಪ್ರದರ್ಶನದಲ್ಲಿದೆಯೇ, ಯಾವ ಕೋಣೆಯಲ್ಲಿದೆ ಎಂದು ತಪ್ಪದೆ ನೋಡಿಕೊಳ್ಳಿ, ಏಕೆಂದರೆ ದಕ್ಷಿಣ ಏಷ್ಯಾ ವಿಭಾಗದ ನವೀಕರಣದ ಯೋಜನೆಯಿದೆ, ಅಂಥ ಹೊತ್ತಿನಲ್ಲಿ ವಸ್ತುಗಳ ಜಾಗ ಬದಲಾಗುತ್ತದೆ.

ಮಂಗಳವಾರ ಟವರ್ ಆಫ್ ಲಂಡನ್ ಎಂಬ ಹಳೆಯ ಕೋಟೆ. ಇಡೀ ಪ್ರವಾಸದಲ್ಲಿ ದೊಡ್ಡ ಹಣ ಕೊಡಲು ನಾನು ಹೇಳುವ ಜಾಗ ಇದೊಂದೇ. ದೊಡ್ಡವರಿಗೆ ಸುಮಾರು 35 ಪೌಂಡ್, ಮಕ್ಕಳಿಗೆ ಅರ್ಧ, 65 ದಾಟಿದವರಿಗೆ ರಿಯಾಯಿತಿ. ಭಾನುವಾರ, ಸೋಮವಾರ ಬಾಗಿಲು ತೆರೆಯುವುದು 10ಕ್ಕೆ. ಮಂಗಳವಾರ 9ಕ್ಕೇ ತೆರೆಯುತ್ತದೆ, ಅದಕ್ಕೇ ಈ ದಿನ ಆರಿಸಿದ್ದೇನೆ. ಕಿಂಗ್ಸ್ ಕ್ರಾಸ್‌ನಿಂದ ಸರ್ಕಲ್ ಲೈನ್‌ನಲ್ಲಿ ನೇರವಾಗಿ ಟವರ್ ಹಿಲ್‌ಗೆ. ಅಲ್ಲೂ ಲಿಫ್ಟ್ ಇದೆ. ಒಳಗೆ ಹೋದ ಕೂಡಲೇ ಬೇರೇನನ್ನೂ ನೋಡದೆ ರಾಜಾಭರಣಗಳ ಕಟ್ಟಡಕ್ಕೆ ನಡೆಯಿರಿ. ಹನ್ನೊಂದರ ಮೇಲೆ ಅಲ್ಲಿ ದೊಡ್ಡ ಸಾಲು ಬೆಳೆಯುತ್ತದೆ. ಕಿರೀಟಗಳ ಮುಂದೆ ಚಲಿಸುವ ನೆಲವಿದೆ, ಅದು ನಿಮ್ಮನ್ನು ಸಾಗಿಸಿಬಿಡುತ್ತದೆ. ಮತ್ತೆ ನೋಡಬೇಕೆನಿಸಿದರೆ ಸುತ್ತು ಬಂದು ಇನ್ನೊಮ್ಮೆ ನಿಲ್ಲಬಹುದು.

ಕೊಹಿನೂರ್ ಇರುವುದು 1937ರಲ್ಲಿ ರಾಣಿ ಎಲಿಜಬೆತ್, ಅಂದರೆ ಈಗಿನ ಅರಸರ ಅಜ್ಜಿ, ಧರಿಸಿದ ಕಿರೀಟದ ಮುಂಭಾಗದಲ್ಲಿ. 105.6 ಕ್ಯಾರಟ್. 1849ರಲ್ಲಿ ಪಂಜಾಬನ್ನು ಕಂಪನಿ ವಶಪಡಿಸಿಕೊಂಡಾಗ ಈ ವಜ್ರವನ್ನು ಒಪ್ಪಿಸುವ ಒಪ್ಪಂದಕ್ಕೆ ಸಹಿ ಹಾಕಿಸಿದ್ದು ಮಹಾರಾಜ ದುಲೀಪ್ ಸಿಂಗ್‌ನಿಂದ. ಆಗ ಆತನಿಗೆ ಹತ್ತು ವರ್ಷ. ನಿಮ್ಮ ಮಗಳ ವಯಸ್ಸು. ಈ ಒಂದು ಸಂಗತಿ ಹೇಳಿದರೆ ಸಾಕು, ಆ ಕಲ್ಲನ್ನು ಅವಳು ಬೇರೆ ಕಣ್ಣಿನಿಂದ ನೋಡುತ್ತಾಳೆ.

ಆಮೇಲೆ ಯೋಮನ್ ವಾರ್ಡರ್ ಎಂಬ ಕಾವಲುಗಾರರ ವಿವರಣೆಯ ಸುತ್ತಾಟಕ್ಕೆ ಸೇರಿಕೊಳ್ಳಿ, ಅದು ಟಿಕೆಟ್‌ನಲ್ಲೇ ಸೇರಿದೆ. ಸೇನೆಯಲ್ಲಿ ಕನಿಷ್ಠ 22 ವರ್ಷ ದುಡಿದು ನಿವೃತ್ತರಾದವರು ಅವರು. ಕಥೆ ಹೇಳುವುದರಲ್ಲಿ ಪಳಗಿದವರು. ವೈಟ್ ಟವರ್‌ನ ಒಳಗೆ ಸುರುಳಿ ಮೆಟ್ಟಿಲುಗಳಿವೆ, ಅಂಗಳದಲ್ಲಿ ಉರುಟು ಕಲ್ಲು ಹಾಸಿದೆ. ತಾಯಿಯವರು ಬೆಂಚಿನಲ್ಲಿ ಕುಳಿತು ಅಲ್ಲಿ ಸಾಕಿರುವ ದೊಡ್ಡ ಕಾಗೆಗಳನ್ನು ನೋಡಲಿ, ನೀವು ಮಗಳೊಡನೆ ಹತ್ತಿ ಬನ್ನಿ. ಹೊರಗೆ ಬಂದರೆ ಪಕ್ಕದಲ್ಲೇ 1894ರ ಟವರ್ ಬ್ರಿಡ್ಜ್. ಮೇಲಿನ ಗಾಜಿನ ನೆಲಕ್ಕೆ ಟಿಕೆಟ್ ಬೇಕು, ಸೇತುವೆಯ ಮೇಲೆ ನಡೆಯಲು ಬೇಡ. ಶಕ್ತಿ ಉಳಿದಿದ್ದರೆ 15ನೇ ಬಸ್ ಹಿಡಿದು ಸೇಂಟ್ ಪಾಲ್ಸ್‌ಗೆ ಹೋಗಿ. ಸಾಮಾನ್ಯವಾಗಿ ಸಂಜೆ 5ಕ್ಕೆ ನಡೆಯುವ ಸಾಮೂಹಿಕ ಗಾಯನದ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ಹಣವಿಲ್ಲ. ಗುಮ್ಮಟದ ಕೆಳಗೆ ಸುಮ್ಮನೆ ಕುಳಿತು ಹಾಡು ಕೇಳುವುದು ಟಿಕೆಟ್ ಕೊಟ್ಟು 528 ಮೆಟ್ಟಿಲು ಹತ್ತುವುದಕ್ಕಿಂತ ನಿಮ್ಮ ಮನೆಯವರಿಗೆ ಹೆಚ್ಚು ಹಿಡಿಸುತ್ತದೆ.

ಬುಧವಾರ ದೋಣಿಯಲ್ಲಿ ಗ್ರೀನಿಚ್. ವೆಸ್ಟ್‌ಮಿನ್‌ಸ್ಟರ್ ಕಟ್ಟೆಯಿಂದ ಹೊರಟರೆ ಹಿಂದಿನ ದಿನಗಳಲ್ಲಿ ನೋಡಿದ್ದೆಲ್ಲ ಈಗ ನೀರಿನ ಮೇಲಿಂದ ಒಂದೊಂದಾಗಿ ಹಾದುಹೋಗುತ್ತದೆ, ಅದಕ್ಕೇ ಇದನ್ನು ನಾಲ್ಕನೇ ದಿನಕ್ಕೆ ಇಟ್ಟಿದ್ದೇನೆ. ಅಲ್ಲಿನ ಖಗೋಳ ವೀಕ್ಷಣಾಲಯ 1675ರದ್ದು. ಭೂಮಿಯ ಸೊನ್ನೆ ರೇಖಾಂಶ ಇಲ್ಲಿಂದ ಹಾದುಹೋಗಬೇಕೆಂದು 1884ರಲ್ಲಿ ವಾಷಿಂಗ್ಟನ್‌ನ ಸಮ್ಮೇಳನ ತೀರ್ಮಾನಿಸಿತು. ನಮ್ಮ ಗಡಿಯಾರದ ಐದೂವರೆ ಗಂಟೆಯ ಲೆಕ್ಕ ಆರಂಭವಾಗುವುದು ಆ ಗೆರೆಯಿಂದ. ಮಗಳು ಗೆರೆಯ ಮೇಲೆ ನಿಂತು ಮೊಬೈಲ್ ತೆರೆದರೆ ಸರಿಯಾಗಿ ಸೊನ್ನೆ ತೋರಿಸುವುದಿಲ್ಲ, ಏಕೆಂದರೆ ಉಪಗ್ರಹಗಳು ಬಳಸುವ ಇಂದಿನ ಸೊನ್ನೆ ರೇಖೆ ಅಲ್ಲಿಂದ 102 ಮೀಟರ್ ಪೂರ್ವಕ್ಕಿದೆ. ಅವಳೇ ನಡೆದು ಅದನ್ನು ಹುಡುಕಲಿ. ವೀಕ್ಷಣಾಲಯ ಕಡಿದಾದ ದಿಣ್ಣೆಯ ಮೇಲಿದೆ, ಒಳಗೆ ಹೋಗಲು ಟಿಕೆಟ್ ಬೇಕು. ದಿಣ್ಣೆಯ ಬುಡದಲ್ಲಿರುವ ನೌಕಾ ಸಂಗ್ರಹಾಲಯ ಉಚಿತ, ಸಮತಟ್ಟು, ತಂದೆ-ತಾಯಿಯರು ಅಲ್ಲಿರಬಹುದು. ಹಿಂದಿರುಗುವಾಗ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ಎಂಬ, ಚಾಲಕರ ಕೋಣೆಯಿಲ್ಲದ ರೈಲಿನ ಮುಂದಿನ ಸೀಟು ಮಗಳಿಗೆ ಸಿಗಲಿ.

ಗುರುವಾರಕ್ಕೆ ಹೆಚ್ಚೇನೂ ಇಡಬೇಡಿ. ಬ್ರಿಟಿಷ್ ಮ್ಯೂಸಿಯಂ ನಿಮ್ಮ ಕೋಣೆಯಿಂದ ಬಹಳ ದೂರವಿರುವುದಿಲ್ಲ. ಪ್ರಾಚೀನ ಈಜಿಪ್ಟಿನ ಲಿಪಿ ಓದಲು ನೆರವಾದ ರೊಸೆಟ್ಟಾ ಶಿಲೆಯ ಸುತ್ತ ಯಾವಾಗಲೂ ಜನ. ಅದನ್ನು ನೋಡಿಕೊಂಡು ಅಮರಾವತಿ ಸ್ತೂಪದ ಶಿಲ್ಪಗಳಿರುವ ಕೋಣೆಗೆ ಹೋಗಿ, ಅಲ್ಲಿ ನೆಮ್ಮದಿಯಾಗಿ ನಿಲ್ಲಬಹುದು. ಪ್ರವೇಶದ ಸಮಯವನ್ನು ಜಾಲತಾಣದಲ್ಲಿ ಉಚಿತವಾಗಿ ಕಾಯ್ದಿರಿಸಿದರೆ ಸಾಲು ಚಿಕ್ಕದಾಗುತ್ತದೆ. ಮಧ್ಯಾಹ್ನ ಅಂಗಡಿಗೆ ಹೋಗುವವರು ಹೋಗಲಿ, ಮಲಗುವವರು ಮಲಗಲಿ.

ಊರನ್ನು ಎತ್ತರದಿಂದ ನೋಡುವ ಆಸೆಗೆ ದೊಡ್ಡ ಚಕ್ರವೂ ಬೇಡ, ಶಾರ್ಡ್ ಗೋಪುರವೂ ಬೇಡ. ಸ್ಕೈ ಗಾರ್ಡನ್ ಮತ್ತು ಹೊರೈಜನ್ 22 ಎಂಬ ಎರಡು ಕಟ್ಟಡಗಳ ಮೇಲಂತಸ್ತಿಗೆ ಪ್ರವೇಶ ಉಚಿತ, ಲಿಫ್ಟ್‌ನಲ್ಲೇ ಹೋಗುವುದು. ಆದರೆ ಮುಂಗಡ ಕಾಯ್ದಿರಿಸುವಿಕೆ ಕೆಲವೇ ವಾರಗಳ ಮೊದಲು ತೆರೆಯುತ್ತದೆ, ಒಳ್ಳೆಯ ಹೊತ್ತುಗಳು ಬೇಗ ತುಂಬುತ್ತವೆ. ಆಗಸ್ಟ್ ಕೊನೆಯಿಂದ ದಿನವೂ ಒಮ್ಮೆ ನೋಡುತ್ತಿರಿ. ಮಂಗಳವಾರದ ಮಧ್ಯಾಹ್ನ ಸಿಕ್ಕರೆ ಒಳ್ಳೆಯದು, ಎರಡೂ ಟವರ್‌ನಿಂದ ದೂರವಿಲ್ಲ. ಸಾಮಾನ್ಯವಾಗಿ ಪ್ರವೇಶವಿಲ್ಲದ ನೂರಾರು ಕಟ್ಟಡಗಳನ್ನು ಜನರಿಗೆ ತೆರೆಯುವ ಓಪನ್ ಹೌಸ್ ಹಬ್ಬವೂ ಸೆಪ್ಟೆಂಬರ್‌ನಲ್ಲೇ ಬರುತ್ತದೆ; ನಿಮ್ಮ ದಿನಗಳಿಗೆ ಹೊಂದಿದರೆ ಭಾನುವಾರ ಮಧ್ಯಾಹ್ನ ಒಂದನ್ನು ನೋಡಿ.

ಹವೆ ಹನ್ನೆರಡರಿಂದ ಇಪ್ಪತ್ತು ಡಿಗ್ರಿಯ ನಡುವೆ ಇರುತ್ತದೆ, ಮಳೆ ಯಾವಾಗ ಬೇಕಾದರೂ ಬರಬಹುದು. ಕೊಡೆಗಿಂತ ಟೋಪಿಯಿರುವ ತೆಳು ಮಳೆಯಂಗಿ ಮೇಲು, ನದಿಯ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಹಿರಿಯರಿಗೆ ಹೊಸ ಶೂ ಕೊಡಿಸುವುದಾದರೆ ಜುಲೈನಲ್ಲೇ ಕೊಡಿಸಿ, ಊರಿನಲ್ಲಿ ದಿನವೂ ಹಾಕಿ ನಡೆದು ರೂಢಿಯಾಗಲಿ. ನಿತ್ಯದ ಔಷಧಿಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿ, ಮೊದಲೇ ಇರುವ ಕಾಯಿಲೆಗಳನ್ನು ತಿಳಿಸಿಯೇ ಪ್ರಯಾಣ ವಿಮೆ ಮಾಡಿಸಿ. ರಸ್ತೆ ಬದಿಯಲ್ಲಿ ನಿಂತು ಮೊಬೈಲ್ ನೋಡಬೇಡಿ; ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುವ ಕಳ್ಳತನ ಈ ಊರಿನ ದೊಡ್ಡ ಪಿಡುಗು. ದಾರಿ ನೋಡಬೇಕಾದರೆ ಅಂಗಡಿಯ ಗೋಡೆಗೆ ಒರಗಿ ನೋಡಿ.

ಕಾಯ್ದಿರಿಸುವ ಕ್ರಮ ಹೀಗಿರಲಿ: ಮೊದಲು ಲಿಫ್ಟ್ ಇರುವ, ರದ್ದು ಮಾಡಿದರೆ ಹಣ ಹಿಂದಿರುಗಿಸುವ ಕೋಣೆ, ಆಮೇಲೆ ವೀಸಾ, ವೀಸಾ ಕೈಗೆ ಬಂದ ಮೇಲೆ ಟವರ್ ಟಿಕೆಟ್, ಕೊನೆಗೆ ಉಚಿತ ಮೇಲಂತಸ್ತು. ಟ್ಯೂಬ್ ಹಳಿಗಳ ದುರಸ್ತಿ ಹೆಚ್ಚಾಗಿ ವಾರಾಂತ್ಯದಲ್ಲೇ ನಡೆಯುತ್ತದೆ, ನೀವು ಇಳಿಯುವುದೂ ಶನಿವಾರ. ಆದ್ದರಿಂದ ಹೊರಡುವ ಹಿಂದಿನ ದಿನ ಪಿಕಡಿಲಿ ಲೈನ್ ಪೂರ್ತಿ ಓಡುತ್ತಿದೆಯೇ ಎಂದು ಸಾರಿಗೆ ಸಂಸ್ಥೆಯ ಪುಟದಲ್ಲಿ ನೋಡಿ, ಇಲ್ಲವಾದರೆ ಐವರಿಗೂ ಸಾಮಾನಿಗೂ ಸಾಲುವಷ್ಟು ದೊಡ್ಡ ಟ್ಯಾಕ್ಸಿಯನ್ನು ಊರಿನಿಂದಲೇ ಗೊತ್ತುಮಾಡಿಕೊಳ್ಳಿ.